ರಾಜರ ಗದ್ದುಗೆಗೆ ಪರಿಚಯ ಫಲಕ ಕೋರಿ ಮನವಿ

ಗೆ,
ಪೌರಾಯುಕ್ತರು,
ನಗರಸಭೆ, ಮಡಿಕೇರಿ.

ಇವರಿಂದ: ಗದ್ದುಗೆ ಸುತ್ತಮುತ್ತಲಿನ ನಿವಾಸಿಗಳು.

ವಿಷಯ: ರಾಜರ ಗದ್ದುಗೆಯ (ಅರಸರ ಸಮಾಧಿಗಳ) ಬಗ್ಗೆ ಸಾರ್ವಜನಿಕರಲ್ಲಿ ತಿಳಿವಳಿಕೆ ಮೂಡಿಸುವ ಕುರಿತು.

ಮಾನ್ಯರೇ,

"ಇದು ಯಾವ ಮಸೀದಿ?" ಎಂದು ಪ್ರವಾಸಿಗರು ಕಾರು ನಿಲ್ಲಿಸಿ ನಮ್ಮನ್ನು ಕೇಳುವುದು ಮಾಮೂಲಾಗಿದೆ. ಅವರದೇನೂ ತಪ್ಪಿಲ್ಲ. ಗುಮ್ಮಟ, ಮೂಲೆಗೊಂದು ಮಿನಾರು, ದೂರಕ್ಕೆ ಹಾಗೆಯೇ ಕಾಣುತ್ತದೆ. ಹತ್ತಿರ ಬಂದು ತಲೆಯೆತ್ತಿದವರಿಗಷ್ಟೇ ನಂದಿ ಕಾಣುವುದು. ಕೊಡಗನ್ನು ಆಳಿದ ಹಾಲೇರಿ ಅರಸರು ವೀರಶೈವರು. ಸುಡುವ ಪದ್ಧತಿ ಅವರಲ್ಲಿಲ್ಲ, ಹೂಳುವುದು. ಆ ಸಮಾಧಿಯನ್ನೇ ಗದ್ದುಗೆ ಎನ್ನುವುದು. ಇನ್ನು ಕೆಲವರು ಗದ್ದುಗೆ ಎಂದರೆ ಸಿಂಹಾಸನವೆಂದುಕೊಂಡು ಒಳಗೆ ಅದನ್ನು ಹುಡುಕಿದ್ದೂ ಉಂಟು!

ನಡುವಿನದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನವರ ಗದ್ದುಗೆ. ಬಲಕ್ಕೆ ಲಿಂಗರಾಜೇಂದ್ರನದು, 1820ರಲ್ಲಿ ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಎಡಕ್ಕೆ ರಾಜಗುರು ರುದ್ರಪ್ಪನವರದು, 1834ರದು. ಕಿಟಕಿಗಳ ಹಿತ್ತಾಳೆ ಸರಳಿನ ಕೆತ್ತನೆಯನ್ನು ನಿಂತು ನೋಡಬೇಕು. ಅಲ್ಲೇ ಹತ್ತಿರ, ಟಿಪ್ಪುವಿನ ಸೈನ್ಯದೊಡನೆ ಕಾದಾಡಿ ಮಡಿದ ಬಿದ್ದಂಡ ಬೋಪು, ಅವರ ಮಗ ಸೋಮಯ್ಯ ಇವರ ಸಮಾಧಿಗಳಿವೆ. ಅರಸರ ಮಗ್ಗುಲಲ್ಲೇ ಅವರ ಕೈಕೆಳಗಿನವರಿಗೂ ಜಾಗ ಸಿಕ್ಕಿರುವುದು ನಮಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ.

1834ರಲ್ಲೇ ಇಂಗ್ಲಿಷರು ಕೊಡಗನ್ನು ಕಿತ್ತುಕೊಂಡರು. ತಂದೆಯ ಗದ್ದುಗೆ ಕಟ್ಟಿಸಿದ ಚಿಕ್ಕವೀರರಾಜೇಂದ್ರನಿಗೆ ಇಲ್ಲಿ ಮಣ್ಣಾಗುವ ಯೋಗವಿರಲಿಲ್ಲ, 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಮಗಳು ಗೌರಮ್ಮನ ಸಮಾಧಿ ಅಲ್ಲಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ. ಅದನ್ನು ಮೊಬೈಲಿನಲ್ಲಿ ತೋರಿಸುವ ನಮ್ಮ ಮಕ್ಕಳು, ಮನೆ ಮೇಲಿನ ಗುಡ್ಡದಲ್ಲಿ ಯಾರಿದ್ದಾರೆ ಎಂದರೆ ತಡವರಿಸುತ್ತಾರೆ.

ಆದ್ದರಿಂದ, ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು, ಯಾವ ಗದ್ದುಗೆ ಯಾರದು ಎಂಬುದನ್ನು ನಕ್ಷೆಯೊಂದಿಗೆ ತಿಳಿಸುವ ಫಲಕವನ್ನು ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬಾಗಿಲ ಬಳಿ ಹಾಕಿಸಬೇಕು. ಗೋಡೆಗೆ ಮೊಳೆ ಹೊಡೆಯುವುದು ಬೇಡ, ಕಂಬ ನೆಟ್ಟರೆ ಸಾಕು. ಮಳೆಗೆ ಅಕ್ಷರ ಅಳಿಯದಂತೆ ಕಲ್ಲಿನಲ್ಲೇ ಕೆತ್ತಿಸಿದರೆ ಇನ್ನೂ ಒಳ್ಳೆಯದು. ನಮ್ಮೂರ ಮಳೆ ತಮಗೆ ಗೊತ್ತೇ ಇದೆ. ರಾಜಾಸೀಟಿನ ಬಳಿಯೂ ದಾರಿ ತೋರುವ ಬೋರ್ಡೊಂದಿರಲಿ. ದಸರಾಕ್ಕೆ ಊರು ತುಂಬುವ ಮೊದಲೇ ಇದಾಗಬೇಕೆಂಬುದು ನಮ್ಮ ಆಸೆ.

ಶಾಲಾ ಮಕ್ಕಳನ್ನು ಕರೆತಂದರೆ ಸುತ್ತಾಡಿಸಿ ವಿವರಿಸಲು ನಮ್ಮಲ್ಲಿ ನಿವೃತ್ತ ಮೇಷ್ಟ್ರುಗಳಿದ್ದಾರೆ. ಸಂಭಾವನೆ ಬೇಡವಂತೆ, ಬಿಸಿ ಕಾಫಿ ಸಾಕಂತೆ.

ಇತಿ ತಮ್ಮ ವಿಶ್ವಾಸಿಗಳು,
(ನಿವಾಸಿಗಳ ಸಹಿಗಳು ಲಗತ್ತು)