ನಮ್ಮ ಸರದಿಗೂ ಒಂದು ದಿನಾಂಕ ಬರೆಯಿರಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ, ಕಲಬುರಗಿಯಿಂದ ನಮಸ್ಕಾರಗಳು.

ನಾನು ಟ್ರಾನ್ಸ್ ಪುರುಷ. ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರು. ಈಗ ಗಂಡಾಗಿ ಬದುಕುತ್ತಿದ್ದೇನೆ, ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹೆಸರು ಹಾಕಿಲ್ಲ. ಬಾಡಿಗೆ ಮನೆಯ ಯಜಮಾನರಿಗೆ ನನ್ನ ವಿಚಾರ ಗೊತ್ತಿಲ್ಲ, ಇನ್ನೊಂದು ಮನೆ ಹುಡುಕುವ ಶಕ್ತಿ ಸದ್ಯಕ್ಕೆ ನನಗಿಲ್ಲ.

ಹಾರ್ಮೋನ್ ಚಿಕಿತ್ಸೆಗಾಗಿ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋದೆ. ಚೀಟಿ ಕೊಡುವ ಕಿಟಕಿಯವರು ಸ್ತ್ರೀರೋಗ ವಿಭಾಗಕ್ಕೆ ಕಳುಹಿಸಿದರು, ಅಲ್ಲಿಂದ ಮನೋವೈದ್ಯರ ಬಳಿಗೆ. ಮನೋವೈದ್ಯರು ಒಳ್ಳೆಯವರು, ಕೂರಿಸಿ ಮಾತನಾಡಿಸಿದರು, ಹಾರ್ಮೋನ್ ತಜ್ಞರಿಗೆ ಪತ್ರವನ್ನೂ ಬರೆದುಕೊಟ್ಟರು. ಆದರೆ ಆ ತಜ್ಞರು ಅಲ್ಲಿರಲಿಲ್ಲ. ಯಾವಾಗ ಬರುತ್ತಾರೆಂದು ಕೇಳಿದರೆ, ‘ಬೆಂಗಳೂರಿಗೆ ಹೋಗಿಬಿಡಿ, ಅದೇ ಒಳ್ಳೆಯದು’ ಎಂದರು.

ಬೆಂಗಳೂರೆಂದರೆ ಸುಮಾರು 600 ಕಿಲೋಮೀಟರ್. ತೊಗರಿ ಸುಗ್ಗಿಯಲ್ಲಿ ಮಿಲ್ಲಿನವರು ರಜೆ ಕೊಡುವುದಿಲ್ಲ. ಅಲ್ಲಿಯೂ ಒಂದೇ ಭೇಟಿಗೆ ಕೆಲಸ ಮುಗಿಯುವುದಿಲ್ಲ, ರಕ್ತಪರೀಕ್ಷೆಗೆ ಒಮ್ಮೆ, ವರದಿ ತೋರಿಸಲು ಇನ್ನೊಮ್ಮೆ ಹೋಗಬೇಕು. ಗಂಡು ಹಾರ್ಮೋನಾದ ಟೆಸ್ಟೊಸ್ಟಿರಾನ್ ಚುಚ್ಚುಮದ್ದು ತಪ್ಪಿದರೆ ಏನಾಗುತ್ತದೆಂದು ಬಹಳ ಜನರಿಗೆ ತಿಳಿದಿಲ್ಲ, ಹಾಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ: ನಿಂತ ಮುಟ್ಟು ಮತ್ತೆ ಬರಬಹುದು. ಗಂಡಸರಷ್ಟೇ ಕೆಲಸ ಮಾಡುವ, ಒಂದೇ ಶೌಚಾಲಯವಿರುವ ಮಿಲ್ಲಿನಲ್ಲಿ ಆ ದಿನಗಳನ್ನು ಕಳೆಯುವುದು ಹೇಗಿರುತ್ತದೆಂದು ತಾವೇ ಊಹಿಸಿಕೊಳ್ಳಿ.

ಕಾದು ಸಾಕಾದವರು ಸುಮ್ಮನೆ ಕೂರುವುದಿಲ್ಲ. ನನ್ನಂಥ ಹುಡುಗರು ಜಿಮ್‌ನಲ್ಲಿ ಸಿಗುವ ಚುಚ್ಚುಮದ್ದು ತೆಗೆದುಕೊಳ್ಳುತ್ತಾರೆ. ಅದರಿಂದ ರಕ್ತ ಗಟ್ಟಿಯಾಗುತ್ತಿದೆಯೇ ಎಂದು ಪರೀಕ್ಷಿಸುವವರಿಲ್ಲ. ಟ್ರಾನ್ಸ್ ಮಹಿಳೆಯರು ಔಷಧ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆ ತಂದು ಮನಬಂದಷ್ಟು ನುಂಗುತ್ತಾರೆ, ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವಿದೆ ಎಂದು ಹೇಳುವವರಿಲ್ಲ. ವೈದ್ಯರಲ್ಲದವರ ಕೈಯಲ್ಲಿ ‘ನಿರ್ವಾಣ’, ಅಂದರೆ ಜನನಾಂಗ ತೆಗೆಯುವ ಶಸ್ತ್ರಕ್ರಿಯೆ, ಮಾಡಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಇವರನ್ನೆಲ್ಲ ಅವಿವೇಕಿಗಳೆಂದು ಬೈಯುವುದು ಸುಲಭ.

ಹಕ್ಕಿನ ಮಾತಿಗೆ ಕೊರತೆಯಿಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದದ್ದು 2014ರ ಏಪ್ರಿಲ್ 15ರಂದು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 15ನೆಯ ಸೆಕ್ಷನ್ ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಆಪ್ತಸಮಾಲೋಚನೆಯ ಹೊಣೆಯನ್ನು ಸರ್ಕಾರದ ಮೇಲೆಯೇ ಹೊರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿಯ ಆರೋಗ್ಯ ವಿಮೆಗೆ ಕೇಂದ್ರದಲ್ಲಿ 2022ರ ಆಗಸ್ಟ್‌ನಲ್ಲಿ ಒಪ್ಪಂದವೂ ಆಯಿತು. ಆದರೆ ಒಂದು ವಿಚಿತ್ರ ನೋಡಿ. ಗುರುತಿನ ಪ್ರಮಾಣಪತ್ರಕ್ಕೆ ಈ ಕಾಯ್ದೆಯಡಿ ಬಂದ 2020ರ ನಿಯಮಗಳು 30 ದಿನಗಳ ಗಡುವು ಹಾಕಿದವು. ಅದೇ ಕಾಯ್ದೆಯ 15ನೆಯ ಸೆಕ್ಷನ್‌ನಲ್ಲಿ ಚಿಕಿತ್ಸೆ ಎಷ್ಟು ದಿನದೊಳಗೆ ಸಿಗಬೇಕೆಂಬ ಮಾತೇ ಇಲ್ಲ. ಕಾಗದಕ್ಕೆ ಗಡುವು, ದೇಹಕ್ಕಿಲ್ಲ. ನನ್ನ ಹೆಸರು ಯಾವ ಕಾಯುವವರ ಪಟ್ಟಿಯಲ್ಲೂ ಇಲ್ಲ, ಏಕೆಂದರೆ ನನಗೆ ಅಂಥ ಪಟ್ಟಿಯನ್ನು ಯಾರೂ ತೋರಿಸಲಿಲ್ಲ. ಹೀಗಿರುವಾಗ ವಿಳಂಬವಾಗಿದೆ ಎಂದು ನಾನು ದೂರು ಕೊಟ್ಟರೆ, ಯಾವತ್ತಿನಿಂದ ವಿಳಂಬ ಎಂದು ಕೇಳುತ್ತಾರೆ.

ಈ ಭಾಗಕ್ಕೆ ಏನೂ ಬಂದಿಲ್ಲವೆಂದು ನಾನು ಹೇಳುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನೆನಪಿಗೆ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಇದೇ ಊರಿನಲ್ಲಿ ಉದ್ಘಾಟನೆಯಾಯಿತು, ನಮಗೂ ಹೆಮ್ಮೆಯೇ. ನಾವು ಕೇಳುತ್ತಿರುವುದಕ್ಕೆ ಕಟ್ಟಡವೂ ಬೇಡ. ಕಲಬುರಗಿ, ಬೀದರ್, ಯಾದಗಿರಿಯ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ವಾರಕ್ಕೊಂದು ದಿನ ನಮಗಾಗಿ ಹೊರರೋಗಿ ವಿಭಾಗ ತೆರೆದಿರಲಿ. ಹಾರ್ಮೋನ್ ತಜ್ಞರು ಸಿಗದ ಕಡೆ ವಿಡಿಯೊ ಮೂಲಕ ಸಲಹೆ ಕೊಡಿಸಿ, ರಕ್ತಪರೀಕ್ಷೆ ಇಲ್ಲಿಯೇ ಆಗಲಿ.

ಎಲ್ಲಕ್ಕಿಂತ ಮೊದಲು ಒಂದು ನೋಂದಣಿ ಪುಸ್ತಕ ಇಡಿಸಿ: ಯಾರು ಯಾವತ್ತು ಬಂದರು, ತಜ್ಞರು ಯಾವತ್ತು ನೋಡಿದರು, ಚಿಕಿತ್ಸೆ ಯಾವತ್ತು ಶುರುವಾಯಿತು. ಹೆಸರುಗಳನ್ನು ಗೋಪ್ಯವಾಗಿಟ್ಟು, ಎಷ್ಟು ಜನ ಎಷ್ಟು ದಿನ ಕಾದರೆಂಬ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸಿ. ಮೊದಲ ಭೇಟಿಗೆ 30 ದಿನಗಳ ಗಡುವು ಹಾಕಿ ಇಲಾಖೆಯಿಂದ ಸುತ್ತೋಲೆ ಹೊರಡಿಸಿ. ಈ ಪತ್ರಕ್ಕೆ ಉತ್ತರವಾಗಿ ಭರವಸೆಗಿಂತ ಆ ಸುತ್ತೋಲೆಯ ಪ್ರತಿಯನ್ನೇ ನಿರೀಕ್ಷಿಸುತ್ತೇನೆ.

ಇಂತಿ,
ಕಲಬುರಗಿಯ ಒಬ್ಬ ಮತದಾರ