ಹೊಳಪಿಗೆ ಮೊದಲು ಒಸಡು ನೋಡಿ

ಮಾನ್ಯರೇ,

ವೆನಿಯರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ), ಬ್ಲೀಚಿಂಗ್ (ಹಲ್ಲು ಬೆಳ್ಳಗಾಗಿಸುವ ಚಿಕಿತ್ಸೆ) ಜಾಹೀರಾತುಗಳಲ್ಲಿ ಒಸಡಿನ ಮಾತೇ ಇರುವುದಿಲ್ಲ. ಹಲ್ಲು–ಒಸಡಿನ ನಡುವಿನ ಸಂದಿಯ ಆಳವನ್ನು ಪ್ರೋಬ್ ಎಂಬ ಅಳತೆ ಗುರುತಿನ ತೆಳು ಕಡ್ಡಿಯಿಂದ ಅಳೆಯಬೇಕು. 3 ಮಿ.ಮೀ.ವರೆಗೆ ಸರಿ, 4 ಅಥವಾ ಹೆಚ್ಚಿದ್ದು ರಕ್ತ ಬಂದರೆ ಮೊದಲು ಸ್ಕೇಲಿಂಗ್ (ಹಲ್ಲಿಗೆ ಅಂಟಿದ ಗಟ್ಟಿ ಪಾಚಿ ತೆಗೆಯುವುದು), ಬೇರಿನ ಸ್ವಚ್ಛತೆ, ಕೆಲವು ವಾರ ಬಿಟ್ಟು ಮರುಪರೀಕ್ಷೆ. ಊದಿದ ಒಸಡಿನ ಪಕ್ಕ ವೆನಿಯರ್ ಕೂರಿಸಿದರೆ ರಕ್ತ, ತೇವ ತಗುಲಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ಊತ ಇಳಿದು ಒಸಡು ಮೇಲೆ ಸರಿದಾಗ ಅಂಚು ಎದ್ದು ಕಾಣುತ್ತದೆ. ಬ್ಲೀಚಿಂಗ್ ಆದಮೇಲೂ ವೆನಿಯರ್ ಅಂಟಿಸಲು ಸುಮಾರು ಎರಡು ವಾರ ಕಾಯಬೇಕು, ಎನಾಮಲ್‌ನಲ್ಲಿ (ಹಲ್ಲಿನ ಗಟ್ಟಿ ಹೊರಪದರ) ಉಳಿದ ಆಮ್ಲಜನಕ ಅಂಟಿನ ರೆಸಿನ್ ಗಟ್ಟಿಯಾಗಲು ಬಿಡದು. (ಹಳೆಯ ಕ್ಯಾಪ್, ಫಿಲ್ಲಿಂಗ್‌ಗಳು ಬ್ಲೀಚಿಂಗ್‌ನಿಂದ ಬೆಳ್ಳಗಾಗವು; ಇದನ್ನು ಮೊದಲೇ ಹೇಳಬೇಕು.) ವೆನಿಯರ್‌ಗೆಂದು ಉಜ್ಜಿ ತೆಗೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಒಂದೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರ ಬಳಿ ಒಸಡಿನ ಅಳತೆಯ ಚಾರ್ಟ್ ಕೇಳಿ.

– ಒಸಡು ಚಿಕಿತ್ಸೆಯ ದಂತವೈದ್ಯರು