ಗೆಳೆಯನಿಗೊಂದು ಪತ್ರ: ವಾಂಗ್ ಹಾವ್ ಮತ್ತು ನನ್ನ ಭುಜನೋವು

ಗುಂಡಾ,

ಫೋನ್‌ನಲ್ಲಿ ಹೇಳೋಕೆ ಹೊರಟರೆ ನೀನು ಮಧ್ಯೆ ಬಾಯಿ ಹಾಕ್ತೀಯ. ಅದಕ್ಕೇ ಇಲ್ಲಿ, ಎಲ್ಲರೆದುರೇ ಬರೀತಿದ್ದೀನಿ. ಹಸಿರು ಟವೆಲ್ ಸುದ್ದಿ ಎತ್ತೋದಿಲ್ಲ, ಹೆದರಬೇಡ.

ಎರಡು ರಾತ್ರಿಯಿಂದ ಚೀನಾದ ಟೇಬಲ್ ಟೆನಿಸ್ ಆಟಗಾರ ವಾಂಗ್ ಹಾವ್ ಆಡಿದ ಹಳೇ ಮ್ಯಾಚುಗಳನ್ನೇ ನೋಡ್ತಾ ಕೂತಿದ್ದೀನಿ. ನೆನಪಿದೆಯಾ, ಅವನ ಹಾಗೇ ಬ್ಯಾಟನ್ನ ಪೆನ್ನಿನಂತೆ ಹಿಡಿದು, ಹಿಂಬದಿಯ ರಬ್ಬರಿನಲ್ಲಿ ಹೊಡೆಯೋಕೆ ಹಾಸ್ಟೆಲ್ಲಿನಲ್ಲಿ ಎಷ್ಟು ಒದ್ದಾಡ್ತಿದ್ವಿ ಅಂತ? ಆ ಹಿಡಿತದ ಹಳಬರು ಎಡಕ್ಕೆ ಬಂದ ಚೆಂಡನ್ನೂ ಮುಂಬದಿಯಿಂದಲೇ ತಳ್ಳಬೇಕಿತ್ತು, ಇಲ್ಲಾ ಓಡಿಹೋಗಿ ಫೋರ್‌ಹ್ಯಾಂಡ್ ಹೊಡೀಬೇಕಿತ್ತು. ಅವನಿಗಿಂತ ಮುಂಚಿನ ಚೀನೀ ಆಟಗಾರ ಲಿಯು ಗುವೊಲಿಯಾಂಗ್ ಹಿಂಬದಿಯ ಹೊಡೆತಕ್ಕೆ ದಾರಿ ಮಾಡಿದ. ವಾಂಗ್ ಹಾವ್ ಅದನ್ನೇ ತನ್ನ ಬ್ಯಾಕ್‌ಹ್ಯಾಂಡ್ ಮಾಡ್ಕೊಂಡುಬಿಟ್ಟ. ನಿಧಾನ ಮಾಡಿ ನೋಡು: ಮೊಣಕೈ ಒಂಚೂರು ಮುಂದೆ ಬರತ್ತೆ, ಮಣಿಕಟ್ಟು ಹೊಟ್ಟೆಯ ಕಡೆ ಮಡಚತ್ತೆ, ಆಮೇಲೆ ಬೀಗದಲ್ಲಿ ಕೀಲಿ ತಿರುವಿದ ಹಾಗೆ ಬಿಚ್ಕೊಳ್ಳತ್ತೆ.

ಇಂಥವನು ಒಲಿಂಪಿಕ್ಸ್ ಸಿಂಗಲ್ಸ್ ಫೈನಲ್ ಮೂರು ಸಲ ಸೋತ ಕಣೋ. 2004ರಲ್ಲಿ ಅಥೆನ್ಸ್‌ನಲ್ಲಿ ಕೊರಿಯಾದ ರ್ಯು ಸಿಯುಂಗ್-ಮಿನ್‌ಗೆ. 2008ರಲ್ಲಿ ಬೀಜಿಂಗ್‌ನಲ್ಲಿ, ತನ್ನ ಜನರ ಎದುರಿಗೇ, ಮಾ ಲಿನ್‌ಗೆ. 2012ರಲ್ಲಿ ಲಂಡನ್‌ನಲ್ಲಿ ಜಾಂಗ್ ಜೀಕೆಗೆ. 2009ರಲ್ಲಿ ಯೊಕೊಹಾಮಾದಲ್ಲಿ ವಿಶ್ವ ಚಾಂಪಿಯನ್ ಆದಾಗ ಫೈನಲ್‌ನಲ್ಲಿ ವಾಂಗ್ ಲಿಚಿನ್‌ಗೆ ಒಂದು ಗೇಮೂ ಬಿಟ್ಟುಕೊಟ್ಟಿರಲಿಲ್ಲ. ಒಲಿಂಪಿಕ್ಸ್‌ನಲ್ಲೇ ತಂಡದ ಚಿನ್ನ ಎರಡಿವೆ. ಆದರೂ ಅವನ ಹೆಸರೆತ್ತಿದರೆ ಜನಕ್ಕೆ ನೆನಪಾಗೋದು ಆ ಮೂರು ಬೆಳ್ಳಿ. 2013ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್ಲೂ ಜಾಂಗ್ ಜೀಕೆ ಪಾಲಾಯ್ತು.

ಅದೇ ಪ್ಯಾರಿಸ್, 2024ರ ಒಲಿಂಪಿಕ್ಸ್. ಚೀನಾದ ಪುರುಷರ ತಂಡಕ್ಕೆ ಮುಖ್ಯ ಕೋಚ್ ವಾಂಗ್ ಹಾವ್. ಟೋಕಿಯೊದಲ್ಲಿ ಮಾ ಲಾಂಗ್‌ಗೆ ಸೋತು ಬೆಳ್ಳಿ ತಂದಿದ್ದ ಫ್ಯಾನ್ ಜೆಂಡಾಂಗ್ ಈ ಸಲ ಚಿನ್ನ ಗೆದ್ದ. ತನಗೆ ಮೂರು ಸಲ ದಕ್ಕದ್ದನ್ನ ಇನ್ನೊಬ್ಬನಿಗೆ ದಕ್ಕಿಸೋಕೆ ಅಂತ ಈ ಮನುಷ್ಯ ಮತ್ತೆ ಅದೇ ಟೇಬಲ್ಲಿನ ಹಿಂದೆ ಬಂದು ಕೂತನಲ್ಲ! ಅದನ್ನ ನೋಡಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆಗ್ತಿಲ್ಲ.

ಕಾಲೇಜಿನ ಮೂರನೇ ಫೈನಲ್ ನಿನಗೆ ಸೋತ ಮೇಲೆ ಭುಜ ನೋವು ಅಂತ ಆಟ ಬಿಟ್ಟೆನಲ್ಲ, ನನ್ನ ಭುಜಕ್ಕೆ ಏನೂ ಆಗಿರಲಿಲ್ಲ. ನೀನು ಗೆಲ್ಲೋದನ್ನ ಇನ್ನೊಂದು ಸಲ ನೋಡೋ ಶಕ್ತಿ ಇರಲಿಲ್ಲ, ಅಷ್ಟೆ. ನಿಮ್ಮಮ್ಮ ತೈಲ ಕಾಯಿಸಿ ಕಳಿಸಿದ್ರು. ಮಳೇಲಿ ಶೀಶೆ ಶರ್ಟಿನೊಳಗಿಟ್ಟುಕೊಂಡು ಬಂದು ನೀನೇ ಉಜ್ಜೋಕೆ ಕೂತೆ. ಯಾವ ಕಡೆ ಅಂತ ಕೇಳಿದೆ. ನಾನು ಒಂದು ಕ್ಷಣ ಯೋಚಿಸಿ ಬಲಗಡೆ ಅಂದೆ. ಆಮೇಲೆ ಯೂನಿವರ್ಸಿಟಿ ಸೆಲೆಕ್ಷನ್‌ಗೆ ಹೋಗುವಾಗ, 'ಸುಮ್ನೆ ಹಿಂದೆ ಕೂತಿರು ಬಾರೋ, ಧೈರ್ಯ ಇರತ್ತೆ' ಅಂತ ಕರೆದೆ. ನಾನು ಬರಲಿಲ್ಲ. ನೀನು ಒಬ್ಬನೇ ಹೋದೆ.

ಸರಿ, ಬಿಡು. ತೈಲ ಮಾತ್ರ ಪೋಲಾಗಲಿಲ್ಲ. ಉಳಿದದ್ದನ್ನ ನಮ್ಮಜ್ಜಿ ಮಂಡಿಗೆ ಹಚ್ಕೊಂಡು ಆ ವರ್ಷ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ್ರು. ಅಮ್ಮನಿಗೆ ಹೇಳು, ಖುಷಿಪಡ್ತಾರೆ.

ಭಾನುವಾರ ಪುಟ್ಟಿಗೆ ಮ್ಯಾಚ್ ಇದೆ ಅಂದ್ಯಲ್ಲ. ನಾನು ಬಂದು ಹಿಂದೆ ಕೂರ್ತೀನಿ. ಟವೆಲ್ಲೂ ನಾನೇ ತರ್ತೀನಿ. ಯಾವ ಬಣ್ಣದ್ದು ಅಂತ ಕೇಳಬೇಡ.

ಇಂತಿ,
ನಿನ್ನವನೇ